ಫರ್ನೇಸ್ ಆಯಿಲ್ ಮಸಿಯಿಂದ ವನೇಡಿಯಂ: ನಾನು ಮಾಡುವ ಕ್ರಮ

ದಾವಣಗೆರೆಯಲ್ಲಿ ಬಾಯ್ಲರ್ ಬೂದಿ ಎಂದರೆ ಹೆಚ್ಚಾಗಿ ಭತ್ತದ ಹೊಟ್ಟಿನ ಬೂದಿ. ಅದು ಬಹುಪಾಲು ಸಿಲಿಕಾ. ಲೋಹಕ್ಕಾಗಿ ಅದರ ಬೆನ್ನು ಹತ್ತಬೇಡಿ. ವನೇಡಿಯಂ, ನಿಕಲ್ ಸಿಗುವುದು ಫರ್ನೇಸ್ ಆಯಿಲ್ ಉರಿಸುವ ಬಾಯ್ಲರಿನ ಟ್ಯೂಬಿಗೆ ಹತ್ತಿದ ಮಸಿಯಲ್ಲಿ. ಕಚ್ಚಾ ತೈಲ ಭಟ್ಟಿ ಇಳಿಸುವಾಗ ಈ ಲೋಹಗಳು ಆವಿಯಾಗದೆ ತಳದ ಎಣ್ಣೆಯಲ್ಲೇ ಉಳಿಯುತ್ತವೆ. ಈ ಮಸಿ ಅಪಾಯಕಾರಿ ತ್ಯಾಜ್ಯ: ಮಾಲಿನ್ಯ ನಿಯಂತ್ರಣ ಮಂಡಳಿಯ ಅನುಮತಿ, ಒಳ್ಳೆಯ ರೆಸ್ಪಿರೇಟರ್ (ಧೂಳು ಸೋಸುವ ಮುಖವಾಡ) ಎರಡೂ ಇಲ್ಲದೆ ಚೀಲ ಬಿಚ್ಚಬಾರದು. ನಾಲಿಗೆ ಹಸಿರುಗಪ್ಪಾದರೆ ವನೇಡಿಯಂ ಧೂಳು ಒಳಗೆ ಹೋಗಿದೆ ಎಂದೇ ಅರ್ಥ.

ಮೊದಲು ಇಂಗಾಲ ಸುಡಬೇಕು. ಮಸಿಯನ್ನು ತಟ್ಟೆಯಲ್ಲಿ 1 ಸೆಂ.ಮೀ. ದಪ್ಪಕ್ಕೆ ಹರಡಿ, ಹೊಗೆ ಹೊರಹೋಗುವ ಕುಲುಮೆಯಲ್ಲಿ 450–500 ಡಿಗ್ರಿಯಲ್ಲಿಟ್ಟು ಆಗಾಗ ಕೆದಕುತ್ತೇನೆ. ಬೇಗ ಮುಗಿಸಲೆಂದು ಉರಿ ಏರಿಸಿದರೆ ಮಸಿಯಲ್ಲಿರುವ ಸೋಡಿಯಂ ವನೇಡೇಟ್ (ವನೇಡಿಯಂನ ಲವಣ) ಕರಗಿ ಬೂದಿ ಕಿಟ್ಟ ಕಟ್ಟುತ್ತದೆ. ಒಳಗಿನ ಇಂಗಾಲಕ್ಕೆ ಗಾಳಿಯೇ ತಾಗುವುದಿಲ್ಲ.

ಉಳಿದ ಬೂದಿ 100 ಗ್ರಾಂಗೆ ಅರ್ಧ ಲೀಟರ್ ಕಾಸ್ಟಿಕ್ ಸೋಡಾ ನೀರು (ಲೀಟರಿಗೆ 80 ಗ್ರಾಂ ಸೋಡಾ), 85–90 ಡಿಗ್ರಿಯಲ್ಲಿ 3 ಗಂಟೆ ಕಲಕಬೇಕು. ಸ್ಟೀಲ್ ಪಾತ್ರೆ ಸಾಕು. ಅಲ್ಯೂಮಿನಿಯಂ ಬೇಡವೇ ಬೇಡ, ಕಾಸ್ಟಿಕ್ ಅದನ್ನು ತಿಂದು ಹೈಡ್ರೋಜನ್ ಬಿಡುತ್ತದೆ. ವನೇಡಿಯಂ ನೀರಿಗಿಳಿಯುತ್ತದೆ, ನಿಕಲ್ ಮತ್ತು ಕಬ್ಬಿಣ ಗಸಿಯಲ್ಲಿ ನಿಲ್ಲುತ್ತವೆ. ನಿಕಲ್ ಬೇಕಾದವರು ಆ ಗಸಿಯನ್ನು ಸಲ್ಫ್ಯೂರಿಕ್ ಆಮ್ಲದಲ್ಲಿ ಕರಗಿಸಿಕೊಳ್ಳಬಹುದು.

ಸೋಸಿದ ನೀರಿನಲ್ಲಿ ಸಿಲಿಕಾ ಕೂಡ ಕರಗಿರುತ್ತದೆ. ಹೆಚ್ಚು ಮಾಲು ಹಾಳಾಗುವುದು ಇಲ್ಲೇ. ತಣ್ಣಗಿರುವಾಗ ಆಮ್ಲ ಸುರಿದರೆ ಅಂಬಲಿಯಂಥ ಲೋಳೆ ಎದ್ದು ಸೋಸುಬಟ್ಟೆ ಕಟ್ಟಿಕೊಳ್ಳುತ್ತದೆ, ವನೇಡಿಯಂ ಅದರಲ್ಲೇ ಸಿಕ್ಕಿಬೀಳುತ್ತದೆ. ನೀರನ್ನು 80 ಡಿಗ್ರಿಗೆ ಕಾಯಿಸಿ, ತೆಳು ಸಲ್ಫ್ಯೂರಿಕ್ ಆಮ್ಲವನ್ನು ಹನಿಹನಿಯಾಗಿ ಬಿಟ್ಟು ಪಿಎಚ್ (ಆಮ್ಲ-ಕ್ಷಾರದ ಅಳತೆ) 9ಕ್ಕೆ ತಂದರೆ ಸಿಲಿಕಾ ಹರಳುಹರಳಾಗಿ ಕೂರುತ್ತದೆ. ರಾತ್ರಿಯಿಡೀ ಬಿಟ್ಟು ಸೋಸಿ. ಮಸಿ ಚೀಲದಲ್ಲಿ ಹೊಟ್ಟಿನ ಬೂದಿ ಬೆರೆತಿದ್ದರೆ ಇಷ್ಟು ಮಾಡಿದರೂ ಕಷ್ಟ, ಅದಕ್ಕೇ ಎರಡನ್ನೂ ಬಾಯ್ಲರ್ ಹತ್ತಿರವೇ ಬೇರೆ ಇಡಿಸುತ್ತೇನೆ.

ಇನ್ನು ನವಸಾಗರ (ಅಮೋನಿಯಂ ಕ್ಲೋರೈಡ್), ಕಲಾಯಿಯವರು ಬಳಸುವುದೇ, ಆದರೆ ಶುದ್ಧ ದರ್ಜೆಯದು. ಸೋಸಿದ ನೀರಿಗೆ ಲೀಟರಿಗೆ 150 ಗ್ರಾಂ ಕರಗಿಸಿ, ಅಮೋನಿಯದಿಂದ ಪಿಎಚ್ 8–8.5ರಲ್ಲಿ ಹಿಡಿದು ತಣ್ಣಗೆ ಇಟ್ಟರೆ ಅಮೋನಿಯಂ ಮೆಟಾವನೇಡೇಟ್ (ವನೇಡಿಯಂನ ಇನ್ನೊಂದು ಲವಣ) ಬಿಳಿ ಪುಡಿಯಾಗಿ ಇಳಿಯುತ್ತದೆ. ನೀರು ಕಿತ್ತಳೆ ಬಣ್ಣಕ್ಕೆ ತಿರುಗಿದರೆ ಆಮ್ಲ ಜಾಸ್ತಿಯಾಗಿದೆ. ಅಮೋನಿಯ ಹಾಕಿ ಬಿಸಿ ಮಾಡಿದರೆ ಬಣ್ಣ ಹೋಗಿ ಮತ್ತೆ ದಾರಿಗೆ ಬರುತ್ತದೆ. ಪುಡಿಯನ್ನು ಬರೀ ನೀರಲ್ಲಿ ತೊಳೆದರೆ ಸ್ವಲ್ಪ ಕರಗಿ ಹೋಗುತ್ತದೆ, ತಣ್ಣನೆಯ ನವಸಾಗರದ ನೀರೇ ಸರಿ.

ಒಣಗಿಸಿ 500–550 ಡಿಗ್ರಿಯಲ್ಲಿ ಗಾಳಿಯಾಡುವಂತೆ ಕಾಯಿಸಿದರೆ 100 ಗ್ರಾಂ ಪುಡಿಗೆ ಸುಮಾರು 77 ಗ್ರಾಂ ಕಿತ್ತಳೆ-ಹಳದಿ ವನೇಡಿಯಂ ಪೆಂಟಾಕ್ಸೈಡ್ (ವನೇಡಿಯಂನ ಆಕ್ಸೈಡ್) ಸಿಗುತ್ತದೆ. ಕಪ್ಪಗೆ ಉಳಿದರೆ ಗಾಳಿ ಸಾಲದಾಗಿದೆ. ಕೆದಕಿ ಮತ್ತೆ ಒಂದು ಗಂಟೆ ಇಡಿ.