ಉಪ್ಪು ನೀರಿಗೆ ಉಪ್ಪೇ ಮದ್ದು

ಬೆಂಗಳೂರಿನ ಮನೆಮಾತಿನಲ್ಲಿ ನೀರು ಎರಡೇ ಜಾತಿ. ಕಾವೇರಿಯದು ಸಿಹಿ ನೀರು, ಬೋರ್‌ವೆಲ್‌ನದು ಉಪ್ಪು ನೀರು. ಆ ಉಪ್ಪು ನೀರು ಕುಡಿಯುವ ಡಿಶ್‌ವಾಷರ್‌ಗೆ ಮೇಲೊಂದು ಕೆ.ಜಿ. ಉಪ್ಪು ಸುರಿಯಿರಿ ಎಂದರೆ ಯಾರಿಗಾದರೂ ಗೊಂದಲವೇ. ಆದರೆ ಆ ಉಪ್ಪು ಬೇರೆ, ಈ ಉಪ್ಪು ಬೇರೆ. ಗಾಜಿನ ಲೋಟದ ಮೇಲೆ ಬಿಳಿ ಕರೆಯಾಗಿ ಕೂರುವುದು, ಗೀಸರ್ ಕಾಯಿಲ್‌ಗೆ ಸುಣ್ಣ ಕಟ್ಟುವುದು, ಬೇಳೆಯನ್ನು ಬೇಯಲು ಬಿಡದಿರುವುದು ಕ್ಯಾಲ್ಸಿಯಂ, ಮೆಗ್ನೀಸಿಯಂ ಲವಣಗಳು; ಇವು ಹೆಚ್ಚಿರುವ ನೀರೇ ಗಡಸು ನೀರು. ನಾವು ಸುರಿಯುವುದು ಸೋಡಿಯಂ ಕ್ಲೋರೈಡ್.

ಯಂತ್ರದ ತಳದಲ್ಲಿ ರೆಸಿನ್ ಎಂಬ ಪ್ಲಾಸ್ಟಿಕ್‌ನಂಥ ವಸ್ತುವಿನ ಮಣಿಗಳ ಡಬ್ಬಿಯೊಂದಿದೆ. ಮಣಿಗಳು ಸೋಡಿಯಂ ಹಿಡಿದುಕೊಂಡಿರುತ್ತವೆ. ಗಡಸು ನೀರು ಹಾದುಹೋಗುವಾಗ ಕ್ಯಾಲ್ಸಿಯಂ, ಮೆಗ್ನೀಸಿಯಂ ಅನ್ನು ಹಿಡಿದಿಟ್ಟು ಸೋಡಿಯಂ ಬಿಟ್ಟುಕೊಡುತ್ತವೆ. ಬರಬರುತ್ತಾ ಮಣಿಗಳಲ್ಲಿ ಜಾಗ ಭರ್ತಿ. ಆಗ ಯಂತ್ರವೇ ನಾವು ಸುರಿದ ಉಪ್ಪಿನ ಗಾಢ ದ್ರಾವಣವನ್ನು ಅವುಗಳ ಮೇಲೆ ಹಾಯಿಸುತ್ತದೆ. ಕ್ಯಾಲ್ಸಿಯಂ ಕಳಚಿ ಮೋರಿ ಸೇರುತ್ತದೆ, ಸೋಡಿಯಂ ಮರಳಿ ಕೂರುತ್ತದೆ. ಉಪ್ಪು ಪಾತ್ರೆಗಲ್ಲ, ಮಣಿಗೆ.

ಹಾಗಾಗಿ ಮೊದಲ ಕೆಲಸ ನೀರಿನ ಗಡಸುತನ ಅಳೆಯುವುದು. ಟಿಡಿಎಸ್ ಮೀಟರ್ ನಂಬಬೇಡಿ, ಅದು ಕರಗಿದ್ದೆಲ್ಲವನ್ನೂ ಒಟ್ಟಿಗೆ ಎಣಿಸುತ್ತದೆ. ಗಡಸುತನ ಅಳೆಯುವ ಸ್ಟ್ರಿಪ್‌ಗಳೇ ಬೇರೆ ಸಿಗುತ್ತವೆ. ಅಡುಗೆಮನೆಯ ಆರ್‌ಒ ನೀರಿನಲ್ಲಲ್ಲ, ಯಂತ್ರಕ್ಕೆ ಹೋಗುವ ನಲ್ಲಿಯ ನೀರಿನಲ್ಲೇ ಅದ್ದಿ. ಕುಡಿಯುವ ನೀರಿಗೆ ಬಿಐಎಸ್ (ಭಾರತೀಯ ಮಾನಕ ಬ್ಯೂರೋ) ಒಪ್ಪುವ ಗಡಸುತನದ ಮಿತಿ ಲೀಟರಿಗೆ 200 ಮಿ.ಗ್ರಾಂ; ಬೇರೆ ನೀರೇ ಇಲ್ಲದಿದ್ದರೆ 600.

ಸ್ಟ್ರಿಪ್ ಹೇಳುವುದು ಪಿಪಿಎಂ (ಲೀಟರಿಗೆ ಮಿ.ಗ್ರಾಂ ಎಂದೇ ಲೆಕ್ಕ), ಕೈಪಿಡಿ ಹೇಳುವುದು ಹೆಚ್ಚಾಗಿ ಗಡಸುತನದ ಇನ್ನೊಂದು ಅಳತೆಯಾದ ಜರ್ಮನ್ ಡಿಗ್ರಿ. 18ರಿಂದ ಭಾಗಿಸಿದರೆ ಸಾಕು: 450 ಪಿಪಿಎಂ ಎಂದರೆ 25 ಡಿಗ್ರಿ. ಕೈಪಿಡಿಯ ಕೋಷ್ಟಕದಲ್ಲಿ ಅದಕ್ಕೆ ಹೊಂದುವ ಸೆಟ್ಟಿಂಗ್ ಇಡಿ. ಬಹಳ ಮನೆಗಳಲ್ಲಿ ತಪ್ಪುವುದು ಇಲ್ಲೇ. ಉಪ್ಪಿನ ಡಬ್ಬಿ ತುಂಬಿದ್ದರೂ ಸೆಟ್ಟಿಂಗ್ ಕಡಿಮೆಯಿದ್ದರೆ ಕರೆ ಹೋಗದು.

ಇನ್ನು ತುಂಬಿಸುವುದು. ಕೆಳಗಿನ ಬುಟ್ಟಿ ಹೊರತೆಗೆದು ತಳದ ಮುಚ್ಚಳ ತಿರುಗಿಸಿ. ಮೊದಲ ಸಲ ಮಾತ್ರ ಉಪ್ಪಿನ ಡಬ್ಬಿಗೆ ನೀರು ತುಂಬಿ, ಆಮೇಲೆ ಲಾಳಿಕೆಯಿಟ್ಟು ಉಪ್ಪು ಸುರಿಯಿರಿ. ಸುಮಾರು ಒಂದರಿಂದ ಒಂದೂವರೆ ಕೆ.ಜಿ. ಹಿಡಿಯುತ್ತದೆ. ನೀರು ಉಕ್ಕಿದರೆ ಗಾಬರಿ ಬೇಡ. ಬಾಯಿ ಒರೆಸಿ, ಮುಚ್ಚಳ ಬಿಗಿಮಾಡಿ, ತಕ್ಷಣ ಒಂದು ವಾಷ್ ಓಡಿಸಿ. ಚೆಲ್ಲಿದ ಉಪ್ಪುನೀರು ರಾತ್ರಿಯಿಡೀ ನಿಂತರೆ ಸ್ಟೀಲೂ ತುಕ್ಕು ಹಿಡಿಯುತ್ತದೆ. ಅಪ್ಪಿತಪ್ಪಿ ಈ ಡಬ್ಬಿಗೆ ಡಿಟರ್ಜೆಂಟ್ ಹಾಕಿದಿರೋ, ಮಣಿಗಳ ಕಥೆ ಮುಗಿಯಿತು.

ಅಡುಗೆ ಉಪ್ಪು ಆಗದೇ? ಆಗದು. ಪುಡಿ ಉಪ್ಪು ಹೆಪ್ಪುಗಟ್ಟುತ್ತದೆ, ಅದರಲ್ಲಿ ಅಯೋಡಿನ್ ಜೊತೆಗೆ ಅಂಟದಂತೆ ಬೆರೆಸಿದ ಪದಾರ್ಥಗಳೂ ಇರುತ್ತವೆ. ಸಂತೆಯ ಕಲ್ಲುಪ್ಪಿನಲ್ಲಿ ಕರಗದ ಮಣ್ಣು. ಡಿಶ್‌ವಾಷರ್ ಉಪ್ಪಿನ ಬೆಲೆ ನೋಡಿ ಹೊಟ್ಟೆ ಉರಿಯುವುದು ನಿಜ, ಆದರೂ ರೆಸಿನ್ ಡಬ್ಬಿ ಬದಲಿಸುವುದಕ್ಕಿಂತ ಅಗ್ಗ.

ಇಷ್ಟಾದ ಮೇಲೂ ಲೋಟ ಮಬ್ಬಾಗಿದ್ದರೆ ಒಂದಿಷ್ಟು ವಿನಿಗರ್ ಸವರಿ. ಮಬ್ಬು ಹೋದರೆ ಸುಣ್ಣ, ಸೆಟ್ಟಿಂಗ್ ಒಂದು ಹಂತ ಏರಿಸಿ. ಹೋಗದಿದ್ದರೆ ಗಾಜೇ ಸವೆದಿದೆ, ಅದಕ್ಕೆ ಮದ್ದಿಲ್ಲ. ಅತಿ ಮೆದು ನೀರೂ ಗಾಜನ್ನು ಸವೆಸುತ್ತದೆ; ಅಪಾರ್ಟ್‌ಮೆಂಟಿನಲ್ಲೇ ಸಾಫ್ಟ್‌ನರ್ ಇದ್ದರೆ ಯಂತ್ರದ ಸೆಟ್ಟಿಂಗ್ ಸೊನ್ನೆಗೆ ಇಳಿಸಿ. ಮಾರ್ಚ್‌ನಲ್ಲಿ ಟ್ಯಾಂಕರ್ ಬರಲು ಶುರುವಾದ ದಿನ ಮತ್ತೊಂದು ಸ್ಟ್ರಿಪ್ ಅದ್ದಿ ನೋಡಿ.