ಚೆಕ್ ಬರ್ದಿದ್ದು 18,500, ಖಾತೆಯಿಂದ ಹೋಗಿದ್ದು 78,500: ದುಡ್ಡು ವಾಪಸ್ ತರ್ಸೋದು ಹೇಗೆ?

ಹೋದ ವರ್ಷ ನಿಟುವಳ್ಳಿ ಮನೆಗೆ ಗಿಲಾವ್ ಮಾಡಿಸ್ತಿದ್ವಿ, ಸಿಮೆಂಟ್ ಕೊಟ್ಟ ಮಂಡಿಪೇಟೆ ಅಂಗಡಿಯವರಿಗೆ 18,500ಕ್ಕೆ ಚೆಕ್ ಬರ್ದುಕೊಟ್ಟೆ. ಮಾರನೇ ದಿನ ಊಟಕ್ಕೆ ಕೂತಾಗ ಮೊಬೈಲಿಗೆ ಮೆಸೇಜ್ ಬಂತು, 78,500 ಡೆಬಿಟ್ ಅಂತ. ಎದೆ ಧಸಕ್ ಅಂತು, ಯಾಕಂದ್ರೆ ಆ ಖಾತೆಯಿಂದ್ಲೇ ಐದನೇ ತಾರೀಖಿಗೆ ಲೋನ್ ಕಂತು ಹೋಗ್ಬೇಕಿತ್ತು.

ಇಂಥದ್ದು ಆದಾಗ ಮೊದ್ಲು ಸ್ಟಾಪ್ ಪೇಮೆಂಟ್ (ಆ ಚೆಕ್ಕಿಗೆ ಹಣ ಕೊಡ್ಬೇಡಿ ಅಂತ ಬ್ಯಾಂಕಿಗೆ ಹೇಳೋದು) ಕೊಡಕ್ಕೆ ಓಡ್ತೀವಿ, ಆದ್ರೆ ಹಣ ಹೋದ ಮೇಲೆ ಅದರಿಂದ ಏನೂ ಪ್ರಯೋಜನ ಇಲ್ಲ. ಬದ್ಲಿಗೆ ಮೆಸೇಜ್ ಅಳಿಸ್ದೆ ಸ್ಕ್ರೀನ್‌ಶಾಟ್ ತಗೊಳ್ಳಿ, ಚೆಕ್ ಬುಕ್ಕಿನ ಕೌಂಟರ್‌ಫಾಯಿಲ್ (ಚೆಕ್ ಹರಿದ ಮೇಲೆ ಬುಕ್ಕಲ್ಲೇ ಉಳಿಯೋ ಚೀಟಿ) ನೋಡಿ ಆರಂಕಿ ಚೆಕ್ ನಂಬರ್, ತಾರೀಖು, ಯಾರ ಹೆಸರು ಅಂತ ಒಂದು ಹಾಳೇಲಿ ಬರ್ಕೊಳ್ಳಿ, ಅವತ್ತೇ ನಿಮ್ಮ ಖಾತೆ ಇರೋ ಬ್ರಾಂಚಿಗೆ ಹೋಗಿ. 2025ರ ಅಕ್ಟೋಬರ್ 4ರಿಂದ ಚೆಕ್‌ಗಳು ಬೆಳಿಗ್ಗೆ 10ರಿಂದ ಸಂಜೆ 4ರ ತನಕ ಬಿಡದೆ ಕ್ಲಿಯರಿಂಗ್‌ಗೆ, ಅಂದ್ರೆ ಒಂದು ಬ್ಯಾಂಕಿಂದ ಇನ್ನೊಂದಕ್ಕೆ ಹಣ ಇತ್ಯರ್ಥಕ್ಕೆ, ಹೋಗ್ತಾವೆ, ಅವತ್ತವತ್ತೇ ದುಡ್ಡು ಆ ಕಡೆ ಸೇರಿ ಖರ್ಚೂ ಆಗ್ಬಿಡಬಹುದು, ನಾಳೆ ನೋಡೋಣ ಅನ್ನೋ ಮಾತೇ ಬೇಡ.

ಕೌಂಟರಲ್ಲಿ ಕೇಳಬೇಕಾದ್ದು ಒಂದೇ: "ಆ ಚೆಕ್ಕಿನ ಇಮೇಜ್ ಪ್ರಿಂಟ್ ಕೊಡಿ, ಮುಂದ್ಗಡೆ ಹಿಂದ್ಗಡೆ ಎರಡೂ." ಈಗ ಚೆಕ್ ಕಾಗದ ಊರೂರು ಸುತ್ತಲ್ಲ, ತಗೊಂಡೋರ ಬ್ಯಾಂಕಲ್ಲೇ ಉಳಿಯುತ್ತೆ, ಅಲ್ಲಿ ಸ್ಕ್ಯಾನ್ ಮಾಡಿ ಮೊತ್ತ ಟೈಪ್ ಮಾಡ್ತಾರೆ, ಆ ಚಿತ್ರ ನಮ್ಮ ಬ್ಯಾಂಕಿಗೆ ಬರುತ್ತೆ. ನನ್ನ ಪ್ರಿಂಟ್ ನೋಡಿದ ತಕ್ಷಣ ಗೊತ್ತಾಯ್ತು, 1ರ ತಲೆ ಮೇಲೆ ಒಂದು ಗೀಟು ಎಳ್ದಿದ್ದೆ, ಅದನ್ನ 7 ಅಂತ ಓದಿದ್ದಾರೆ. ಆದ್ರೆ ಅಕ್ಷರದಲ್ಲಿ "ಹದಿನೆಂಟು ಸಾವಿರದ ಐದುನೂರು ಮಾತ್ರ" ಅಂತ ನೀಲಿ ಇಂಕಲ್ಲಿ ಬರ್ದಿದ್ದು ಸ್ಪಷ್ಟವಾಗೇ ಇತ್ತು.

ಇಲ್ಲೇ ನಮ್ಮ ಬಲ ಇರೋದು ನೋಡ್ರಿ. ಚೆಕ್‌ಗಳಿಗೆ ಅನ್ವಯಿಸೋ ಕಾನೂನಾದ 1881ರ ನೆಗೋಷಿಯಬಲ್ ಇನ್‌ಸ್ಟ್ರುಮೆಂಟ್ಸ್ ಆಕ್ಟಿನ 18ನೇ ಸೆಕ್ಷನ್ ಪ್ರಕಾರ ಅಂಕಿಗೂ ಅಕ್ಷರಕ್ಕೂ ವ್ಯತ್ಯಾಸ ಬಂದ್ರೆ ಅಕ್ಷರದಲ್ಲಿ ಬರ್ದ ಮೊತ್ತವೇ ಲೆಕ್ಕ. ಕನ್ನಡದಲ್ಲಿ ಚೆಕ್ ಬರ್ದಿದ್ರೂ ಅದು ಚೆಕ್ಕೇ, ಅದ್ರ ಬಗ್ಗೆ ಯಾರಾದ್ರೂ ಮೂಗು ಮುರಿದ್ರೆ ಕೇಳ್ಬೇಡಿ. (ಅಕ್ಷರದಲ್ಲೇ ನೀವು ಜಾಸ್ತಿ ಬರ್ದಿದ್ರೆ ಮಾತ್ರ ಬ್ಯಾಂಕ್ ತಪ್ಪಲ್ಲ, ತಗೊಂಡೋರ ಹತ್ರಾನೇ ವಾಪಸ್ ಕೇಳ್ಬೇಕು.)

ನನಗೆ ಬ್ಯಾಂಕಲ್ಲಿ "ಇದು ಅಂಗಡಿಯವರ ಬ್ಯಾಂಕಿನ ತಪ್ಪು, ಅಲ್ಲಿಗೆ ಹೋಗಿ" ಅಂದ್ರು. ಹೋಗಬಾರದು. ನಮ್ಮ ಖಾತೆಯಿಂದ ಹಣ ಕೊಟ್ಟಿದ್ದು ನಮ್ಮ ಬ್ಯಾಂಕು, ಇಮೇಜ್ ನೋಡೇ ಕೊಡಬೇಕಿತ್ತು, ಆ ಬ್ಯಾಂಕಿನ ಜೊತೆ ಅವರೇ ಮಾತಾಡ್ಕೋಬೇಕು. ಬಾಯಿ ಮಾತಲ್ಲಿ ಬಿಡದೆ ಅರ್ಜಿ ಬರೀರಿ, ಕನ್ನಡದಲ್ಲೇ ಸಾಕು: ಖಾತೆ ನಂಬರ್, ಚೆಕ್ ನಂಬರ್, ಬರ್ದ ಮೊತ್ತ 18,500, ಕಡಿತ ಆದದ್ದು 78,500, ಹೆಚ್ಚಾಗಿ ಹೋದ 60,000 ಅದೇ ತಾರೀಖಿನ ಲೆಕ್ಕಕ್ಕೆ ಬಡ್ಡಿ ನಷ್ಟ ಆಗದಂಗೆ ವಾಪಸ್ ಜಮಾ ಮಾಡಿ ಅಂತ. ಎರಡು ಪ್ರತಿ ಮಾಡಿ, ಒಂದಕ್ಕೆ ಸೀಲ್ ಸಹಿ ತಾರೀಖು ಹಾಕಿಸ್ಕೊಂಡೇ ಹೊರಗೆ ಬನ್ನಿ. ಇದೊಂದನ್ನ ಯಾವತ್ತೂ ಬಿಡಬೇಡಿ.

ಸಂಜೆ ಅಂಗಡಿಯವರಿಗೆ ಫೋನ್ ಮಾಡಿದೆ, ಪಾಪ ಅವರು ಮೆಸೇಜ್ ನೋಡೇ ಇರ್ಲಿಲ್ಲ. ಅವರು ನೇರವಾಗಿ ಹಿಂದಿರುಗಿಸ್ತೀನಿ ಅಂದ್ರೂ ನಗದು ಬೇಡ, ಖಾತೆಗೇ ಹಾಕ್ಸಿ, ಆಮೇಲೆ ಬ್ಯಾಂಕಿಗೂ ಬರ್ದು ತಿಳಿಸಿ, ಇಲ್ಲಾಂದ್ರೆ ಬ್ಯಾಂಕೂ ಅವರಿಂದ ಕಡಿತ ಮಾಡಿ ಡಬಲ್ ಆಗಿ ಹೊಸ ರಗಳೆ ಶುರುವಾಗುತ್ತೆ. ಕಮ್ಮಿ ಕಡಿತ ಆಗಿದ್ರೂ ದಾರಿ ಇದೇ, ಉಳಿದ ದುಡ್ಡು ಖಾತೇಲಿ ಮುಟ್ದಂಗೆ ಇಟ್ಕೊಂಡಿರಿ.

ದುಡ್ಡು ಕಮ್ಮಿ ಬಿದ್ದು ಕಂತೋ ಇನ್ನೊಂದು ಚೆಕ್ಕೋ ಬೌನ್ಸ್ ಆದ್ರೆ ಆ ಚಾರ್ಜೆಲ್ಲ ವಾಪಸ್ ಕೇಳೋದನ್ನೂ ಅದೇ ಅರ್ಜೀಲಿ ಸೇರ್ಸಿ, ತಪ್ಪು ತಮ್ಮ ಕಡೆಯಿಂದ ಆಗಿದೆ ಅಂತ ಬ್ಯಾಂಕಿಂದ ಒಂದು ಪತ್ರ ತಗೊಂಡು ಲೋನ್ ಕೊಟ್ಟೋರಿಗೆ ಕೊಡಿ. ಚೆಕ್ ಬೌನ್ಸ್ ಆದ್ರೆ ಅದೇ ಆಕ್ಟಿನ 138ನೇ ಸೆಕ್ಷನ್ ನೋಟಿಸ್ ಬರಬಹುದು, ಬಂದ್ರೆ 15 ದಿನದೊಳಗೆ ಹಣ ಕಟ್ಟಬೇಕು, ಅದನ್ನ ಮಾತ್ರ ಕಾಯಿಸ್ಬೇಡಿ.

ಅರ್ಜಿ ಕೊಟ್ಟು 30 ದಿನ ಆದ್ರೂ ಉತ್ತರ ಬರ್ಲಿಲ್ಲ, ಅಥವಾ ಬಂದ ಉತ್ತರ ಸರಿ ಇಲ್ಲ ಅಂದ್ರೆ ರಿಸರ್ವ್ ಬ್ಯಾಂಕ್ ಓಂಬುಡ್ಸ್‌ಮನ್‌ಗೆ (ಬ್ಯಾಂಕುಗಳ ಮೇಲಿನ ದೂರು ನೋಡೋ ಅಧಿಕಾರಿ) ದೂರು ಕೊಡಿ, ಫೀಸ್ ಇಲ್ಲ. 14448ಕ್ಕೆ ಫೋನ್ ಮಾಡಿದ್ರೆ ಹೇಗೆ ಕೊಡೋದು ಅಂತ ಹೇಳ್ತಾರೆ, ಆ ಸೀಲ್ ಹಾಕಿದ ಪ್ರತಿ ಅಲ್ಲೇ ಕೆಲ್ಸಕ್ಕೆ ಬರೋದು.

ನನ್ನದು ಅಲ್ಲೀತನಕ ಹೋಗ್ಲಿಲ್ಲ, ಆರನೇ ದಿನ 60,000 ಬಂತು. ಬಂದ ಮೇಲೂ ಪಾಸ್‌ಬುಕ್ ಎಂಟ್ರಿ ಹಾಕಿಸಿ ನೋಡಿದೆ, ಜಮಾ ಹಳೇ ತಾರೀಖಿಗೆ ಬಿದ್ದಿರ್ಲಿಲ್ಲ, ಮತ್ತೆ ಅದೇ ಅರ್ಜಿ ತೋರಿಸಿ ಕೇಳಿದ ಮೇಲೆ ಬಡ್ಡಿ ಬೇರೆ ಎಂಟ್ರಿಯಾಗಿ ಬಂತು.