ಒಂದೇ ಬೋರ್ಡು, ನಾಲ್ಕು ವಿಭಾಗ: ವಿಜ್ಞಾನದ ಕೂಡು ಸೆಮಿನಾರ್ ನಡೆಸುವ ಬಗೆ

ನಾನು ಮೂವತ್ತೊಂದು ವರ್ಷ ರಸಾಯನಶಾಸ್ತ್ರ ಕಲಿಸಿ ನಿವೃತ್ತಳಾದವಳು. ಅದರಲ್ಲಿ ಕೊನೆಯ ಹನ್ನೊಂದು ವರ್ಷ ಮಲೆನಾಡಿನ ಒಂದು ವಿಶ್ವವಿದ್ಯಾಲಯದಲ್ಲಿ, ತಿಂಗಳಿಗೊಂದು ಗುರುವಾರ ಬೇರೆ ಬೇರೆ ವಿಭಾಗದವರನ್ನು ಒಂದೇ ಕೋಣೆಯಲ್ಲಿ ಕೂರಿಸುವ ಕೆಲಸ ನನ್ನ ಪಾಲಿಗೆ ಬಂದಿತ್ತು. ಈಗಲೂ ಕಿರಿಯ ಅಧ್ಯಾಪಕರು ಫೋನ್ ಮಾಡಿ, "ಮೇಡಂ, ನಮ್ಮಲ್ಲೂ ಶುರು ಮಾಡ್ತಿದೀವಿ, ಎಲ್ಲಿಂದ ಹಿಡೀಬೇಕು ಹೇಳಿ" ಅನ್ನುತ್ತಾರೆ. ಅವರಿಗೆ ಹೇಳಿದ್ದನ್ನೇ ಇಲ್ಲಿ ಬರೆದಿದ್ದೇನೆ.

ನಮ್ಮ ಮೊದಲ ಸೆಮಿನಾರಿನ ಹೆಸರು "ಪಶ್ಚಿಮ ಘಟ್ಟ: ಸಮಗ್ರ ನೋಟ". ನಾಲ್ಕು ವಿಭಾಗದವರು ಬಂದರು, ತಮ್ಮ ತರಗತಿಯ ಪಾಠವನ್ನೇ ಒಬ್ಬರಾದ ಮೇಲೊಬ್ಬರು ಒಪ್ಪಿಸಿದರು, ಊಟ ಮಾಡಿ ಹೊರಟರು. ಒಂದೇ ಸ್ಟ್ಯಾಂಡಿನಲ್ಲಿ ನಾಲ್ಕು ಊರಿನ ಬಸ್ಸು ನಿಂತ ಹಾಗಾಯಿತು. ಅಷ್ಟು ದೊಡ್ಡ ಹೆಸರಿಟ್ಟರೆ ಯಾರಿಗೂ ಇನ್ನೊಬ್ಬರ ನೆರವು ಬೇಕಾಗುವುದಿಲ್ಲ ಅಂತ ಅವತ್ತು ರಾತ್ರಿ ಹೊಳೆಯಿತು.

ಹಾಗಾಗಿ ಮೊದಲು ಒಂದು ಪ್ರಶ್ನೆ ಹುಡುಕಿ. ಉತ್ತರದ ಒಂದೊಂದು ತುಂಡು ಒಂದೊಂದು ವಿಭಾಗದಲ್ಲಿರಬೇಕು, ಇಡೀ ಉತ್ತರ ಯಾರ ಬಳಿಯೂ ಇರಬಾರದು. ಮಲೆನಾಡಿನಲ್ಲಿ ಅಂಥದ್ದಕ್ಕೆ ಬರವಿಲ್ಲ. ನಮ್ಮ ಎರಡನೇ ಸೆಮಿನಾರಿನ ಪ್ರಶ್ನೆ ಇಷ್ಟೇ: "ಕಾಡಿನಂಚಿನ ಊರಲ್ಲಿ ಮಂಗ ಸತ್ತು ಬಿದ್ದಿದೆ ಅಂತ ಸುದ್ದಿ ಬಂದ ದಿನ ಯಾರು ಏನು ಮಾಡಬೇಕು?"

ಕಾಡಿನ ಉಣುಗು (ಉಣ್ಣೆ) ಕಚ್ಚಿ ಮಂಗಗಳಿಗೂ ಮನುಷ್ಯರಿಗೂ ಬರುವ ಜ್ವರ, ಮಂಗನ ಕಾಯಿಲೆಯನ್ನು 1957ರಲ್ಲಿ ಮೊದಲು ಗುರುತಿಸಿದ್ದು ನಮ್ಮದೇ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ. ಆಗ ಪುಣೆಯ ವೈರಸ್ ಸಂಶೋಧನಾ ಕೇಂದ್ರದವರು ಜ್ವರ ಬಂದವರ ರಕ್ತವನ್ನಷ್ಟೇ ನೋಡಲಿಲ್ಲ. ಸತ್ತ ಮಂಗ, ಮುಸುವ, ಅವುಗಳ ಮೈಮೇಲಿನ ಉಣುಗು, ಎಲ್ಲವನ್ನೂ ಪರೀಕ್ಷಿಸಿದರು. ಈ ವೈರಸ್ಸು ರಷ್ಯಾದ ಕಡೆಯ ಒಂದು ವೈರಸ್ಸಿಗೆ ಹತ್ತಿರದ್ದಾಗಿದ್ದರಿಂದ ವಲಸೆ ಹಕ್ಕಿಗಳು ತಂದಿರಬಹುದೇ ಎಂಬ ಅನುಮಾನ ಹುಟ್ಟಿತು, ಪಕ್ಷಿತಜ್ಞ ಸಲೀಂ ಅಲಿಯವರ ತಂಡ ಹಕ್ಕಿಗಳ ಕಾಲಿಗೆ ಉಂಗುರ ತೊಡಿಸುವ ಕೆಲಸಕ್ಕೆ ಅದೂ ಒಂದು ಕಾರಣವಾಯಿತು. ವೈದ್ಯರಿಂದ ಹಿಡಿದು ಹಕ್ಕಿ ನೋಡುವವರ ತನಕ ಒಂದು ಜ್ವರ ಎಲ್ಲರನ್ನೂ ಎಳೆದು ತಂದಿತ್ತು. ನೀವು ಆರಿಸುವ ಪ್ರಶ್ನೆಗೂ ಆ ಎಳೆತ ಇರಬೇಕು.

ಇನ್ನು ಮಾತಾಡುವವರು. ಇಬ್ಬರು ಸಾಕು, ಹೆಚ್ಚೆಂದರೆ ಮೂವರು. ತಲಾ ಇಪ್ಪತ್ತು ನಿಮಿಷ ಕೊಟ್ಟು, ಉಳಿದ ಒಂದು ಗಂಟೆಯನ್ನು ಚರ್ಚೆಗೆ ಬಿಡಿ. ಎರಡು ದಿನ ಮುಂಚೆ ಪ್ರತಿಯೊಬ್ಬರೂ ಬೇರೆ ವಿಭಾಗದ ಒಬ್ಬರ ಎದುರು ಕೂತು ತಮ್ಮ ಮಾತನ್ನು ಪೂರ್ತಿ ಹೇಳಿ ತೋರಿಸಲಿ. ಕೇಳುವವರು ಎಲ್ಲಿ ತಡವರಿಸಿದರೋ ಆ ಪದವನ್ನು ಬರೆದಿಟ್ಟುಕೊಳ್ಳಿ. ದೊಡ್ಡ ಪ್ರೊಫೆಸರು ಅಂತ ಇದನ್ನು ಬಿಡಬೇಡಿ. ಇದೊಂದನ್ನು ಬಿಟ್ಟಾಗಲೆಲ್ಲ ನಮ್ಮ ಸೆಮಿನಾರು ಸೊರಗಿದೆ.

ಕೈಕೊಡುವುದು ಗೊತ್ತಿಲ್ಲದ ಪದವಲ್ಲ, ಎಲ್ಲರಿಗೂ ಗೊತ್ತಿದೆ ಅನ್ನಿಸುವ ಪದ. ಮಂಗನ ಕಾಯಿಲೆಯ ದಿನ ಪ್ರಾಣಿಶಾಸ್ತ್ರದವರು "ವೆಕ್ಟರ್" ಅಂದರು. ಅವರ ಲೆಕ್ಕದಲ್ಲಿ ಅದು ರೋಗ ಹೊತ್ತು ತರುವ ಉಣುಗು. ಗಣಿತದ ಹುಡುಗನೊಬ್ಬನಿಗೆ ಅದು ದಿಕ್ಕು, ಪರಿಮಾಣ ಎರಡೂ ಇರುವ ಬಾಣ; ಹತ್ತು ನಿಮಿಷ ಅದನ್ನೇ ಹಿಡಿದು ಕೂತಿದ್ದ. ಜೈವಿಕ ತಂತ್ರಜ್ಞಾನದವರಿಗೆ ಜೀನು ಸಾಗಿಸುವ ಡಿಎನ್ಎ ತುಣುಕು. "ನಾರ್ಮಲ್" ಕೂಡ ಹಾಗೇ: ನನಗೆ ಅದು ದ್ರಾವಣದ ಅಳತೆ, ಸಂಖ್ಯಾಶಾಸ್ತ್ರದವರಿಗೆ ಗಂಟೆಯಾಕಾರದ ವಕ್ರರೇಖೆ, ಡಾಕ್ಟರಿಗೆ ಆರೋಗ್ಯ. ಅವತ್ತಿನಿಂದ ಬೋರ್ಡಿನ ಎಡಗಡೆ ಒಂದು ಪಟ್ಟಿ ಬಿಟ್ಟು, ಅಂಥ ಪದ, ಅವತ್ತಿನ ಅರ್ಥ ಎರಡನ್ನೂ ಮೊದಲೇ ಬರೆದಿಡುತ್ತಿದ್ದೆವು. ಪದ ಇಂಗ್ಲಿಷಿನದಾದರೂ ಸರಿ, ವಾಕ್ಯ ಕನ್ನಡದಲ್ಲಿರಲಿ. ಹಿಂದಿನ ಬೆಂಚಿನಿಂದ ಪ್ರಶ್ನೆ ಬರುವುದು ಆಗಲೇ.

ಇದಕ್ಕಿಂತ ಮುಖ್ಯವಾದದ್ದು ಬೋರ್ಡಿನ ಬಲಗಡೆ. ಅಲ್ಲಿ ಒಂದು ಉದ್ದ ಗೆರೆ ಎಳೆದು ಜೂನ್‌ನಿಂದ ಮೇವರೆಗೆ ಹನ್ನೆರಡು ತಿಂಗಳು ಗುರುತು ಮಾಡಿ. ಮಾತಾಡುವವರೆಲ್ಲ ತಮ್ಮ ವಿಷಯವನ್ನು ಆ ಗೆರೆಯ ಮೇಲೆ ಬರೆಯಲೇಬೇಕು. ನಮ್ಮ ಪ್ರಾಣಿಶಾಸ್ತ್ರದವರು ಉಣುಗಿನ ಜೀವನಚಕ್ರ ಬರೆದರು: ಮಳೆ ಹಿಂದೆ ಸರಿದ ಮೇಲೆ ಮೊಟ್ಟೆಯೊಡೆದು ಹೊರಬರುವ ಮರಿ, ನವೆಂಬರಿನಿಂದ ಮೇವರೆಗೆ ಅದರ ಮುಂದಿನ ಹಂತ. ಮನುಷ್ಯರಿಗೆ ಹೆಚ್ಚಾಗಿ ಕಚ್ಚುವುದು ಈ ಹಂತದ್ದೇ. ಅದು ಎಷ್ಟು ಸಣ್ಣದೆಂದರೆ ಬರಿಗಣ್ಣಿಗೆ ಬೀಳುವುದೇ ಕಷ್ಟ. ಕಾಡಿನ ನೆಲದ ಮೇಲೆ ಬಿಳಿ ಬಟ್ಟೆ ಎಳೆದು ಅದನ್ನು ಹಿಡಿಯುತ್ತಾರೆ. ಆ ಬಟ್ಟೆಯನ್ನೂ ತಂದು ತೋರಿಸಿದರು. ಬೆಳೆದ ಉಣುಗು ದನದ ಮೈಮೇಲೆ ಹೊಟ್ಟೆ ತುಂಬಿಸಿಕೊಳ್ಳುತ್ತದೆ, ಆದ್ದರಿಂದ ಕಾಡಿಗೆ ಮೇಯಲು ಬಿಟ್ಟ ದನದ ಲೆಕ್ಕವೂ ಗೆರೆಯ ಕೆಳಗೆ ಬಂತು.

ಆಗ ಸಮಾಜಶಾಸ್ತ್ರದ ಒಬ್ಬ ಎಂ.ಎ. ವಿದ್ಯಾರ್ಥಿನಿ, ಸೊರಬದ ಕಡೆಯವಳು, ಎದ್ದಳು. "ಮೇಡಂ, ನಾನೊಂದು ಬರೀಲಾ?" ಅಂತ ಕೇಳಿ ಅದೇ ಗೆರೆಯ ಕೆಳಗೆ ತನ್ನ ಮನೆಯ ಕೆಲಸ ಬರೆದಳು. ಮಳೆಗಾಲ ಮುಗಿದ ಮೇಲೆ ಅಡಿಕೆ ಕೊಯ್ಲು, ಸುಲಿತ. ಆಮೇಲೆ ದರಗು, ಅಂದರೆ ಕಾಡಿನ ಒಣ ಎಲೆ, ಗುಡಿಸುವುದು, ಸೌದೆ ತರುವುದು, ಮಳೆ ಹಿಡಿಯುವ ಮುಂಚೆ ಎಲ್ಲ ಮುಗಿಯಬೇಕು. ಕಾಡಿನ ಒಣ ಎಲೆಗೆ ಕೈ ಹಾಕುವ ತಿಂಗಳುಗಳೇ ಉಣುಗಿನ ತಿಂಗಳುಗಳು ಅಂತ ಯಾರೂ ಬಾಯಿಬಿಟ್ಟು ಹೇಳಬೇಕಾಗಲಿಲ್ಲ. ವೈದ್ಯರೊಬ್ಬರು ಕುರ್ಚಿ ಎಳೆದುಕೊಂಡು ಬೋರ್ಡಿನ ಹತ್ತಿರ ಬಂದು ಕೂತರು. "ದರಗಿಗೆ ಹೋಗೋರು ಯಾರು, ಹೆಂಗಸರಾ? ಎಷ್ಟು ಹೊತ್ತು? ಕೈಗೆ ಏನು ಹಾಕ್ಕೊಳ್ತಾರೆ? ವಾಪಸ್ ಬಂದು ಬಿಸಿನೀರು ಸ್ನಾನ ಮಾಡ್ತಾರಾ?" ಮುಕ್ಕಾಲು ಗಂಟೆ ಅವರಿಬ್ಬರದೇ ಮಾತು. ನಾನು ನಡೆಸಿದ ಸೆಮಿನಾರುಗಳಲ್ಲಿ ಅಷ್ಟು ಹೊಟ್ಟೆ ತುಂಬಿದ್ದು ಇನ್ನೊಂದಿಲ್ಲ.

ಸಾಧ್ಯವಾದರೆ ಕೈಯಲ್ಲಿ ಹಿಡಿಯುವ ವಸ್ತು ಒಂದಿರಲಿ. ಅಡಿಕೆ ಕೊಳೆರೋಗದ ಸೆಮಿನಾರಿಗೆ ಆ ರೋಗಕ್ಕೆ ಸಿಂಪಡಿಸುವ ಬೋರ್ಡೋ ದ್ರಾವಣವನ್ನು ನಾನೇ ಮಾಡಿ ತೋರಿಸಿದೆ. ನೂರು ಲೀಟರ್ ನೀರಿಗೆ ಒಂದು ಕಿಲೋ ಮೈಲುತುತ್ತ (ತಾಮ್ರದ ಸಲ್ಫೇಟ್), ಒಂದು ಕಿಲೋ ಸುಣ್ಣ ಎಂಬ ಲೆಕ್ಕವನ್ನೇ ಒಂದು ಲೀಟರಿಗೆ ಇಳಿಸಿದ್ದು, ಹತ್ತತ್ತು ಗ್ರಾಂ. ಸುಣ್ಣ ಕಮ್ಮಿಯಾದ ದ್ರಾವಣದಲ್ಲಿ ಕಬ್ಬಿಣದ ಚಾಕು ಅದ್ದಿದರೆ ಅದರ ಮೇಲೆ ಕೆಂಪಗೆ ತಾಮ್ರ ಕೂರುತ್ತದೆ. ತೋಟದವರಿಗೆ ಇದು ತಲೆಮಾರಿನಿಂದ ಗೊತ್ತಿರುವ ಪರೀಕ್ಷೆ, ನಮ್ಮ ವಿದ್ಯಾರ್ಥಿಗಳಿಗೆ ಅದೇ ಎಲೆಕ್ಟ್ರಾನ್ ಕೊಡು-ಕೊಳ್ಳುವ ಪಾಠ. ಚಾಕು ಕೈಯಿಂದ ಕೈಗೆ ಹೋಗುವಷ್ಟರಲ್ಲಿ ಅರ್ಥಶಾಸ್ತ್ರದವರು ಅಡಿಕೆ ಮರ ಹತ್ತಿ ಕೆಲಸ ಮಾಡುವ ಕೊನೆಗಾರರ ಕೂಲಿ ಕೇಳುತ್ತಿದ್ದರು.

ಸಣ್ಣ ಸಂಗತಿಗಳು: ಜುಲೈಯಲ್ಲಿ ಶೀಟಿನ ಮಾಡಿನ ಹಾಲ್ ಬೇಡ, ಮಳೆ ಸದ್ದಿಗೆ ಎರಡನೇ ಸಾಲಿನಾಚೆ ಏನೂ ಕೇಳುವುದಿಲ್ಲ. ಕರೆಂಟ್ ಹೋದರೂ ನಡೆಯುವ ಹಾಗೆ ಸೀಮೆಸುಣ್ಣ ಇಟ್ಟುಕೊಳ್ಳಿ. ಕೊನೇ ಬಸ್ಸಿಗೆ ಅರ್ಧ ಗಂಟೆ ಮುಂಚೆ ಮುಗಿಸಿ, ಇಲ್ಲದಿದ್ದರೆ ದೂರದ ಊರಿನ ಹೆಣ್ಣುಮಕ್ಕಳು ನಡುವೆಯೇ ಎದ್ದು ಹೋಗಬೇಕಾಗುತ್ತದೆ. ಚಹಾ ಕೊನೆಗಲ್ಲ, ಭಾಷಣಗಳಿಗೂ ಚರ್ಚೆಗೂ ನಡುವೆ ಕೊಡಿ. ಲೋಟ ಹಿಡಿದು ನಿಂತಾಗ ಹುಟ್ಟಿದ ಪ್ರಶ್ನೆ ಒಳಗೆ ಬರುತ್ತದೆ. ಮೊದಲ ಎರಡು ಪ್ರಶ್ನೆ ವಿದ್ಯಾರ್ಥಿಗಳದ್ದೇ ಆಗಿರಲಿ, ಅಧ್ಯಾಪಕರು ಆಮೇಲೆ.

ಬೋರ್ಡ್ ಒರೆಸುವ ಮುಂಚೆ ಫೋಟೋ ತೆಗೆಯಿರಿ. ವಾರದೊಳಗೆ ಒಂದೇ ಪುಟದಲ್ಲಿ ಕನ್ನಡದಲ್ಲಿ ಬರೆದು, ಬಂದವರಿಗೂ ಆ ಪ್ರಶ್ನೆ ಯಾರದ್ದೋ ಅವರಿಗೂ ಕಳಿಸಿ. ನಮ್ಮ ಹನ್ನೆರಡು ತಿಂಗಳ ಗೆರೆಯನ್ನು ಆ ಹುಡುಗಿಯೇ ದೊಡ್ಡ ಹಾಳೆಯ ಮೇಲೆ ಬರೆದು ತನ್ನೂರಿನ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಕೊಟ್ಟು ಬಂದಳು. ದರಗಿನ ತಿಂಗಳುಗಳಿಗೆ ಕೆಂಪು ಬಣ್ಣ ಬಳಿದಿದ್ದಳು.